ಕೇಳದೆ ಮಾಡುವ ಉಪಕಾರ

ಮೈಸೂರಿನ ವಿಜಯನಗರ ಬಡಾವಣೆ ಎಲ್ಲಿ ಮುಗಿಯುತ್ತದೆ, ಹಿನಕಲ್ ಎಲ್ಲಿ ಶುರುವಾಗುತ್ತದೆ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. 2020ರಲ್ಲಿ ಸರಕಾರ ಹಿನಕಲ್, ಹೂಟಗಳ್ಳಿ, ಕೂರ್ಗಳ್ಳಿ ಮುಂತಾದ ಗ್ರಾಮಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆ ರಚಿಸಿತು. ಅದನ್ನೂ ಬೃಹತ್ ಮೈಸೂರು ಪಾಲಿಕೆಯೊಳಗೆ ತರುವ ಪ್ರಸ್ತಾಪ ಆ ಬಳಿಕ ಬಂತು.

ಇಂತಹ ಸೇರ್ಪಡೆಯನ್ನು ಹಳ್ಳಿಯವರು ವಿರೋಧಿಸಿದರೆ ನಗರವಾಸಿಗಳಾದ ನಾವು ಬೇಗ ಬೇಸರಪಡುತ್ತೇವೆ. ಒಳಚರಂಡಿ, ಕುಡಿಯುವ ನೀರು ಬೇಡವೇ ಎನ್ನುತ್ತೇವೆ. ಬೇಕು, ನಿಜ. ಆದರೆ ಸೌಲಭ್ಯಕ್ಕಿಂತ ಮೊದಲು ತೆರಿಗೆಯ ನೋಟೀಸು ಬಂದೀತೆಂಬ ಭಯ ಅವರದು. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ತಪ್ಪುತ್ತದೆ. ಎದ್ದು ನಿಂತು ಲೆಕ್ಕ ಕೇಳಬಹುದಾಗಿದ್ದ ಗ್ರಾಮಸಭೆಯೇ ಇಲ್ಲವಾಗುತ್ತದೆ.

ಜನಸಂಖ್ಯೆ, ಜನಸಾಂದ್ರತೆ, ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಇವನ್ನು ನೋಡಿ ನಗರಪ್ರದೇಶವನ್ನು ಗುರುತಿಸಬೇಕೆಂದು ಸಂವಿಧಾನದ 243 ಕ್ಯೂ ವಿಧಿ ಹೇಳುತ್ತದೆ. ಜನರ ಒಪ್ಪಿಗೆ ಆ ಪಟ್ಟಿಯಲ್ಲಿಲ್ಲ. ಕರಡು ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಬಹುದು, ಅಷ್ಟೇ. ಅರ್ಜಿ ಪಡೆಯುವುದು ಬೇರೆ, ಮಾತು ಕೇಳುವುದು ಬೇರೆ.

ಊರು ಬದಲಾಗಲೇಬಾರದೆಂದು ನಾವು ಹೇಳುತ್ತಿಲ್ಲ. ಒಂದೂರಿನ ಕೊಳಚೆ ಇನ್ನೊಂದೂರಿನ ಕೆರೆಗೆ ಹರಿಯುವಾಗ ಒಟ್ಟಾಗಿ ಯೋಚಿಸಲೇಬೇಕು. ಆದರೆ ಒಟ್ಟಾಗಿ ಎಂದರೆ ಎರಡೂ ಕಡೆಯವರು ಕುಳಿತು ಎಂದರ್ಥ. ಒಳಿತು ಮಾಡುವವನಿಗೂ ಇನ್ನೊಬ್ಬನ ಒಳಿತನ್ನು ತಾನೊಬ್ಬನೇ ತೀರ್ಮಾನಿಸುವ ಹಕ್ಕಿಲ್ಲ. ನೆರೆಯವರನ್ನು ನಮ್ಮ ಮನೆಗೆ ಸೇರಿಸಿಕೊಳ್ಳುವ ಮುನ್ನ, ಬರುತ್ತೀರಾ ಎಂದು ಕೇಳುವುದು ಕನಿಷ್ಠ ಮರ್ಯಾದೆಯಲ್ಲವೇ?