ಮಾಸ್ಕ್ ಕಳಚಿದ ಮೇಲೆ

2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಕಳಿಸಬೇಕಿತ್ತು. ಚಿತ್ರದ ಜೊತೆಗೆ ಅವರಿರುವ ಜಾಗದ ಗುರುತೂ ಹೋಗುತ್ತಿತ್ತು. ಆಗ ಇದು ನಮ್ಮಲ್ಲಿ ಹೆಚ್ಚಿನವರಿಗೆ ಅತಿಯೆನಿಸಲಿಲ್ಲ. ಪಕ್ಕದ ಮನೆಯವರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದ ದಿನಗಳವು.

ಕೃತಕ ಬುದ್ಧಿಮತ್ತೆ ಕೊರೊನಾದಿಂದ ಹುಟ್ಟಿದ್ದಲ್ಲ. ಆದರೆ ಅದರ ಬೆಳವಣಿಗೆಗೆ ಬೇಕಾದ ಎರಡು ವಸ್ತುಗಳನ್ನು ಕೊರೊನಾ ಧಾರಾಳವಾಗಿ ಒದಗಿಸಿತು: ಒಂದು ದತ್ತಾಂಶ, ಇನ್ನೊಂದು ನಮ್ಮ ಒಪ್ಪಿಗೆ. ಪಾಠ, ವೈದ್ಯರ ಸಲಹೆ, ಸಾವಿನ ಸುದ್ದಿ ಎಲ್ಲವೂ ಪರದೆಗೆ ಬಂದವು. ಬಂದದ್ದೆಲ್ಲ ಗುರುತು ಬಿಟ್ಟುಹೋಯಿತು.

ಇದರಿಂದ ಒಳ್ಳೆಯದಾಗಲಿಲ್ಲವೆನ್ನಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಮತ್ತು ನಿರಾಮಯ್ ಕಂಪನಿ 2021ರಲ್ಲಿ ‘ಎಕ್ಸ್‌ರೇ ಸೇತು’ವನ್ನು ತಂದವು. ತಜ್ಞರಿಲ್ಲದ ಊರಿನ ವೈದ್ಯರು ಎದೆಯ ಎಕ್ಸ್‌ರೇಯನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಯಂತ್ರ ಅದನ್ನು ಓದಿ ಹೇಳುತ್ತಿತ್ತು.

ಅದೇ ಕಾಲದಲ್ಲಿ ಇನ್ನೊಂದು ಕಲಿಕೆಯೂ ನಡೆಯುತ್ತಿತ್ತು. ಮಾಸ್ಕ್ ಹಾಕಿದ ಮುಖಗಳನ್ನು ಗುರುತಿಸುವಾಗ ಒಳ್ಳೆಯ ತಂತ್ರಾಂಶಗಳೂ ಶೇ. 5ರಿಂದ 50ರಷ್ಟು ಎಡವುತ್ತಿವೆ ಎಂದು ಅಮೆರಿಕದ ಮಾನಕ ಸಂಸ್ಥೆ 2020ರ ಜುಲೈನಲ್ಲಿ ವರದಿ ಮಾಡಿತು. ಕೆಲವೇ ತಿಂಗಳಲ್ಲಿ ಹೊಸ ತಂತ್ರಾಂಶಗಳು ಬಂದವು, ತಪ್ಪು ಕಡಿಮೆಯಾಯಿತು. ನಾವು ಮಾಸ್ಕ್ ಕಳಚಿದೆವು. ಕಣ್ಣಷ್ಟರಿಂದಲೇ ನಮ್ಮನ್ನು ಗುರುತಿಸಲು ಕಲಿತ ವಿದ್ಯೆ ಹಾಗೇ ಉಳಿಯಿತು.

ಶ್ವಾಸಕೋಶದಿಂದ ಕಲಿತದ್ದು ರೋಗವನ್ನು ಗುರುತಿಸುತ್ತದೆ. ಅದಕ್ಕೆ ರೋಗಿಯ ಹೆಸರು ಬೇಕಿಲ್ಲ. ಮುಖದಿಂದ ಕಲಿತದ್ದು ಗುರುತಿಸುವುದು ವ್ಯಕ್ತಿಯನ್ನೇ. ಮುಂದಿನ ಸಾಂಕ್ರಾಮಿಕಕ್ಕೆ ಈ ಜ್ಞಾನ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಜ್ಞಾನ ಉಳಿಯಲಿ, ಜನರ ಜಾಡು ಅಳಿಯಲಿ.

ಭಯದಲ್ಲಿ ಕೊಟ್ಟ ಒಪ್ಪಿಗೆ ಭಯ ಹೋದ ಮೇಲೂ ಊರ್ಜಿತವೇ? ಇದು ಹೊಸ ಪ್ರಶ್ನೆಯೇನಲ್ಲ. ನಮ್ಮ ಕುರ್ತಕೋಟಿ ಇರುವ ಗದಗ ತಾಲ್ಲೂಕು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1897ರಲ್ಲಿ, ಪ್ಲೇಗಿಗೆ ಹೆದರಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಪ್ಲೇಗ್ ಹೋಯಿತು, ಬ್ರಿಟಿಷರೂ ಹೋದರು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಕೊರೊನಾ ನಿಯಮಗಳನ್ನು ಮಾಡಿದ್ದು ಅದೇ ಕಾಯ್ದೆಯ ಬಲದಿಂದ. ಗಂಡಾಂತರದಲ್ಲಿ ಕೊಟ್ಟ ಅಧಿಕಾರ ತಾನಾಗಿ ಮನೆಗೆ ಹೋಗುವುದಿಲ್ಲ, ಯಾರಾದರೂ ಕಳಿಸಬೇಕು. ಆರೋಗ್ಯ ಸೇತು ಆ್ಯಪ್‌ನಲ್ಲಿ ಜನ ಕೊಟ್ಟ ಆರೋಗ್ಯ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಬಾರದೆಂದು 2021ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟದ್ದು ಅಂಥ ಒಂದು ಪ್ರಯತ್ನ. ಅದೂ ಯಾರೋ ಒಬ್ಬರು ಬಾಗಿಲು ತಟ್ಟಿದ್ದರಿಂದ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಾವು ಕೊಟ್ಟ ಒಪ್ಪಿಗೆಗಳಿಗೆ ಮಾತ್ರ ಅಂಥ ಒಂದು ದಿನ ಬರಲಿಲ್ಲ.

ಪ್ಲೇಗಿನ ಕಾಲಕ್ಕೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ನೆನಪು ನಮ್ಮ ಕಡೆಯ ಹಿರಿಯರ ಮಾತಿನಲ್ಲಿ ಇನ್ನೂ ಇದೆ. ಬೇನೆ ಇಳಿದ ಮೇಲೆ ಅವರು ಗುಡಿಸಲು ಕಿತ್ತು ಮನೆಗೆ ಮರಳಿದರು. ನಾವೂ ಮರಳಿದ್ದೇವೆ, ಆದರೆ ಗುಡಿಸಲು ಕೀಳುವುದನ್ನು ಮರೆತಿದ್ದೇವೆ.