ಅಜಾತಶತ್ರುಗಳು

ಸಂತಾಪಸಭೆಗಳಲ್ಲಿ ಕುಳಿತು ಕುಳಿತು ನನಗೊಂದು ಸಂದೇಹ ಹುಟ್ಟಿದೆ. ತೀರಿಕೊಂಡವರೆಲ್ಲ ಅಲ್ಲಿ ಅಜಾತಶತ್ರುಗಳಾಗಿಬಿಡುತ್ತಾರೆ. ಕಳೆದ ವರ್ಷ ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಹೋದಾಗ ನಾನೂ ಆ ಮಾತನ್ನೇ ಆಡಿ ಬಂದೆ. ಹದಿನೈದು ವರ್ಷ ನನ್ನ ಒಂದು ಮಾತನ್ನೂ ಸುಮ್ಮನೆ ಒಪ್ಪದಿದ್ದವರು ಅವರು! ಮನೆಗೆ ಬಂದಮೇಲೆ ಅವರೇ ಹೇಳಿದ್ದ ಪ್ರಸಂಗವೊಂದು ನೆನಪಾಯಿತು.

ಆಸ್ಟ್ರಿಯದ ವಿಯೆನ್ನಾದಲ್ಲಿ ಲೂಡ್ವಿಗ್ ಬೋಲ್ಟ್ಸ್‌ಮನ್, ಯೋಸೆಫ್ ಲೋಷ್ಮಿಟ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು, ಸಹೋದ್ಯೋಗಿಗಳು, ಸ್ನೇಹಿತರು. ಹಿರಿಯನಾದ ಲೋಷ್ಮಿಟ್ 1865ರಲ್ಲೇ ಗಾಳಿಯ ಅಣುವಿನ ಗಾತ್ರವನ್ನು ಲೆಕ್ಕಹಾಕಿದವನು: ಸೆಂಟಿಮೀಟರಿನ ಸುಮಾರು ಕೋಟಿಯಲ್ಲೊಂದು ಪಾಲು. ಬೋಲ್ಟ್ಸ್‌ಮನ್ನನ ಹಟ ಬೇರೆ. ಬಿಸಿ ಕಾಫಿ ಆರುತ್ತದೆ, ಆರಿದ್ದು ತಾನಾಗಿ ಬಿಸಿಯಾಗುವುದಿಲ್ಲ (ಕಾಫಿ ನನ್ನ ಉದಾಹರಣೆ). ಇದನ್ನು ಅಣುಗಳ ಓಡಾಟದಿಂದಲೇ ಸಾಧಿಸಬೇಕೆಂದು ಅವನು 1872ರಲ್ಲಿ ಒಂದು ಪ್ರಮೇಯವನ್ನು ಮುಂದಿಟ್ಟ. ಲೋಷ್ಮಿಟ್ 1876ರಲ್ಲಿ ಅಡ್ಡ ಬಂದ. ಒಂದು ಗಳಿಗೆಯಲ್ಲಿ ಎಲ್ಲ ಅಣುಗಳನ್ನೂ ಅದೇ ವೇಗದಲ್ಲಿ ಹಿಂದಕ್ಕೆ ತಿರುಗಿಸಿದರೆ ಅವು ಬಂದ ದಾರಿಯಲ್ಲೇ ಮರಳಬೇಕಲ್ಲವೆ? ಚಲನೆಯ ನಿಯಮ ಅದನ್ನು ತಡೆಯುವುದಿಲ್ಲ. ಹಾಗಾದರೆ ಆರಿದ್ದು ಬಿಸಿಯಾಗಬಾರದೇಕೆ?

ಮರುವರ್ಷ ಬೋಲ್ಟ್ಸ್‌ಮನ್ ಕೊಟ್ಟ ಉತ್ತರ ಇದು: ಆಗಬಾರದೆಂದಿಲ್ಲ, ಆದರೆ ಬಿಸಿ ಒಂದೆಡೆ ಕೂಡುವಂಥ ಜೋಡಣೆಗಳು ತೀರ ವಿರಳ, ಹರಡುವಂಥವು ಎಣಿಕೆಗೆ ಮೀರಿದಷ್ಟು. ಕಟ್ಟಳೆಯೆಂದುಕೊಂಡದ್ದು ಸಂಭವದ ಲೆಕ್ಕವಾಯಿತು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ಶಾಸ್ತ್ರ ನಿಂತಿರುವುದೇ ಆ ಎಣಿಕೆಯ ಮೇಲೆ. ಬೋಲ್ಟ್ಸ್‌ಮನ್ನನ ಗೋರಿಯಮೇಲೆ ಕೆತ್ತಿರುವ ಸೂತ್ರದ ಬೇರೂ ಅಲ್ಲಿದೆ.

1895ರಲ್ಲಿ ಲೋಷ್ಮಿಟ್ ತೀರಿಕೊಂಡ. ಸ್ಮರಣೆಯ ಭಾಷಣ ಬೋಲ್ಟ್ಸ್‌ಮನ್ನನದು. ಗೆಳೆಯನ ದೇಹ ಈಗ ಪರಮಾಣುಗಳಾಗಿ ಚದುರಿಹೋಗಿದೆ, ಅವು ಎಷ್ಟೆಂಬುದನ್ನು ಗೆಳೆಯನೇ ತೋರಿಸಿಕೊಟ್ಟ ಲೆಕ್ಕದಿಂದ ತಿಳಿಯಬಹುದು ಎಂದು ಹೇಳಿ, ಅವನು ಆ ಸಂಖ್ಯೆಯನ್ನು ಕಪ್ಪುಹಲಗೆಯಮೇಲೆ ತೋರಿಸಿದನಂತೆ.

ಮೊದಲು ಕೇಳಿದಾಗ ಎಂಥ ಕಟುಕತನವೆಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಸತ್ತವನ ಲೆಕ್ಕದಿಂದಲೇ ಅವನನ್ನು ಎಣಿಸಬೇಕಾದರೆ ಆ ಲೆಕ್ಕವನ್ನು ನಂಬಿರಬೇಕು. ಅಜಾತಶತ್ರುವೆನ್ನಲು ಏನನ್ನೂ ನಂಬಬೇಕಾಗಿಲ್ಲ. ಎದುರಿಗೆ ಮಡದಿ ಮಕ್ಕಳು ಕಣ್ಣೀರಿಡುತ್ತಿರುವಾಗ ವಾದವಿವಾದಗಳ ಮಾತೇಕೆ ಎಂದು ವಾಚಕರು ಕೇಳಬಹುದು. ನ್ಯಾಯವೇ, ಅಂದು ನನ್ನ ನಾಲಗೆ ಕಟ್ಟಿದ್ದೂ ಅದೇ. ಆದರೂ ಅವರ ಮಗ ಕೊನೆಯಲ್ಲಿ ಬಳಿಗೆ ಬಂದು, “ಮನೆಯಲ್ಲಿ ನಿಮ್ಮ ಜಗಳದ ಮಾತೇ ಹೆಚ್ಚು ಆಡುತ್ತಿದ್ದರು” ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ.

ನನ್ನ ಲೇಖನವೊಂದರ ಅಂಚಿನಲ್ಲಿ ಅವರು ಪೆನ್ಸಿಲಿನಿಂದ “ಇದಕ್ಕೆ ಆಧಾರವೇನು?” ಎಂದು ಬರೆದುಕೊಟ್ಟಿದ್ದರು. ಆ ಹಾಳೆ ಮೇಜಿನಮೇಲಿದೆ. ಆಧಾರವನ್ನು ಇನ್ನೂ ಹುಡುಕುತ್ತಿದ್ದೇನೆ.