ಔಷಧದ ವಿವೇಕ, ಸೇವಿಸುವವನ ಋಣ

ಚರ್ಮದ ಕ್ಯಾನ್ಸರಿಗೆ ಹೊಸ ಔಷಧವನ್ನು ಹುಡುಕುವ ವಿಜ್ಞಾನಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಈ ವಸ್ತುವು ರೋಗದ ಕೋಶವನ್ನು ಕೊಲ್ಲುವುದೇ? ಆರೋಗ್ಯವಂತ ಕೋಶವನ್ನು ಉಳಿಸುವುದೇ? ಮೊದಲನೆಯದಕ್ಕೆ ಯಾವ ವಿಷವಾದರೂ ಹೌದೆಂದೀತು. ಎರಡನೆಯದಕ್ಕೂ ಹೌದೆನ್ನಬಲ್ಲುದೇ ಔಷಧ. ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಮೂರನೆಯ ಪ್ರಶ್ನೆಯೊಂದನ್ನು ಕೇಳಬೇಕಾಗುತ್ತದೆ: ಈ ಪರೀಕ್ಷೆಗಾಗಿ ಯಾವ ಜೀವವು ಬೆಲೆ ತೆತ್ತಿದೆ?

ಪರೀಕ್ಷೆಯ ಕ್ರಮವನ್ನು ಮೊದಲು ತಿಳಿಯುವುದು ಒಳ್ಳೆಯದು. ಚರ್ಮದ ಕ್ಯಾನ್ಸರುಗಳಲ್ಲಿ ಭೀಕರವಾದ ಮೆಲನೋಮದ ಗಡ್ಡೆಯಿಂದ ಪಡೆದ ಮಾನವ ಕೋಶಗಳನ್ನು ಪ್ರಯೋಗಾಲಯದಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳೆಸುತ್ತಾರೆ. 96 ಗುಳಿಗಳ ತಟ್ಟೆಯಲ್ಲಿ ಅವನ್ನು ಹಂಚಿ, ಕೃತಕವಾಗಿ ತಯಾರಿಸಿದ ಸಂಯುಕ್ತವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಎರಡು ಮೂರು ದಿನ ಬಿಡುತ್ತಾರೆ. ಅನಂತರ ಎಂಟಿಟಿ ಎಂಬ ಹಳದಿ ದ್ರಾವಣವನ್ನು ಹಾಕಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿಸುತ್ತವೆ. ನೇರಳೆ ತೆಳುವಾದಷ್ಟೂ ಸಾವು ಹೆಚ್ಚು. ಇದೇ ಪರೀಕ್ಷೆಯನ್ನು ಆರೋಗ್ಯವಂತ ಚರ್ಮದ ಕೋಶಗಳ ಮೇಲೂ ಮಾಡುತ್ತಾರೆ. ರೋಗಕೋಶಗಳಲ್ಲಿ ಅರ್ಧ ಸಾಯಲು 5 ಭಾಗ ಸಾಕಾಗಿ, ಒಳ್ಳೆಯ ಕೋಶಗಳಲ್ಲಿ ಅರ್ಧ ಸಾಯಲು 50 ಭಾಗ ಬೇಕಾದರೆ, ಆ ಸಂಯುಕ್ತದ ವಿವೇಚನೆ 10 ಪಟ್ಟು ಎಂದು ಲೆಕ್ಕ. ಎರಡೂ ಸಮಸಮವಾದರೆ ಅದನ್ನು ಅಲ್ಲಿಯೇ ಕೈಬಿಡುತ್ತಾರೆ. ಅಷ್ಟರಮಟ್ಟಿಗೆ ಪ್ರಾಣಿಗಳೂ ಉಳಿಯುತ್ತವೆ.

ಈ ಮಾರ್ಗವು ನಿಷ್ಫಲವಾಗಿಲ್ಲ. ಮೆಲನೋಮದಲ್ಲಿ ಬಿಆರ್‌ಎಎಫ್ ಎಂಬ ಜೀನು ಅನೇಕ ವೇಳೆ ಕೆಟ್ಟಿರುವುದು 2002ರಲ್ಲಿ ತಿಳಿಯಿತು. ಆ ಕೆಟ್ಟ ರೂಪವನ್ನೇ ಗುರಿಯಾಗಿಸಿಕೊಂಡ ವೆಮುರಾಫೆನಿಬ್ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡವು 2012ರಲ್ಲಿ ಎಸ್‌ಸಿಆರ್7 ಎಂಬ ಸಂಯುಕ್ತವನ್ನು ಪ್ರಕಟಿಸಿತು. ತುಂಡಾದ ಡಿಎನ್‌ಎಯನ್ನು ಕ್ಯಾನ್ಸರ್ ಕೋಶವು ಬೆಸೆದುಕೊಳ್ಳದಂತೆ ತಡೆಯುವುದು ಅದರ ಉದ್ದೇಶ. ಅದನ್ನು ಕೋಶಗಳ ಮೇಲೆ ಮಾತ್ರವಲ್ಲದೆ ಇಲಿಗಳ ಮೇಲೂ ಪರೀಕ್ಷಿಸಲಾಯಿತು.

ತಟ್ಟೆಯಲ್ಲಿ ಪ್ರಾಣಿಯಿಲ್ಲ, ಆದುದರಿಂದ ಅಲ್ಲಿಯವರೆಗೆ ದೋಷವಿಲ್ಲವೆಂದು ಕೆಲವರು ಸಮಾಧಾನಪಡುವರು. ಆದರೆ ಕೋಶಗಳಿಗೆ ಉಣಿಸುವ ದ್ರವದಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಕರುವಿನ ಭ್ರೂಣದ ರಕ್ತಸಾರವಿರುತ್ತದೆ. ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಆಕಳಿನ ಗರ್ಭದಿಂದ ಅದು ಬರುತ್ತದೆ. ಜಮೆಯನ್ನು ಬರೆದು ಖರ್ಚನ್ನು ಬಚ್ಚಿಟ್ಟ ಕೀರ್ದಿಯನ್ನು ಯಾವ ವ್ಯಾಪಾರಿಯೂ ಒಪ್ಪನು.

ಹಾಗಾದರೆ ರೋಗಿಯು ಔಷಧವನ್ನೇ ತ್ಯಜಿಸಬೇಕೆ? ಠಾಣಾ ಕುಶನೂರಿನಿಂದ ಕಲಬುರಗಿಗೋ ಹೈದರಾಬಾದಿಗೋ ಚಿಕಿತ್ಸೆಗಾಗಿ ಹೋಗುವ ಬಡ ಗೃಹಸ್ಥನಿಗೆ ಹಾಗೆ ಹೇಳುವುದು ಧರ್ಮವಲ್ಲ, ನಿಷ್ಕರುಣೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನೂ ಸೇರಿಸಿದ್ದಾರೆ. ಔಷಧವನ್ನು ಸೇವಿಸುವವನಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದರೆ ಇಲಿಗೆ ಬೇಕೆಂದೇ ರೋಗವನ್ನು ತಗುಲಿಸುವಲ್ಲಿ ಸಂಕಲ್ಪವಿಲ್ಲವೆನ್ನಲಾಗದು. ಉದ್ದೇಶವು ಉದಾತ್ತವಾದ ಮಾತ್ರಕ್ಕೆ ಕೃತ್ಯದ ಹೆಸರು ಬದಲಾಗದು. ಫಲವನ್ನುಂಡವನು ಅಪರಾಧಿಯಲ್ಲದಿದ್ದರೂ ಋಣಿಯಂತೂ ಹೌದು. ಋಣವನ್ನು ಮರೆಯುವುದೇ ಪ್ರಮಾದ.

ಅದನ್ನು ತೀರಿಸುವ ದಾರಿಯೂ ಇದೆ. ಸಾಧ್ಯವಿರುವೆಡೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೇ ಹೇಳುತ್ತದೆ. 2023ರಲ್ಲಿ ತಿದ್ದುಪಡಿಯಾದ ಹೊಸ ಔಷಧಗಳ ನಿಯಮಗಳು ಪ್ರಾಣಿರಹಿತ ಪರೀಕ್ಷೆಗಳಿಗೂ ಎಡೆಮಾಡಿಕೊಟ್ಟಿವೆ. ರಕ್ತಸಾರವಿಲ್ಲದ ಪೋಷಕ ದ್ರವಗಳು ಅನೇಕ ಬಗೆಯ ಕೋಶಗಳಿಗೆ ದೊರೆಯುತ್ತವೆ. ಆಸ್ಪತ್ರೆಗೂ ವಿದ್ಯಾರ್ಥಿವೇತನಕ್ಕೂ ದಾನ ನೀಡುವ ಸಮಾಜವು, ತನ್ನ ಹಣದಿಂದ ನಡೆಯುವ ಸಂಶೋಧನೆಯಲ್ಲಿ ಇವನ್ನು ಬಳಸುವರೇ ಎಂದು ವಿನಯದಿಂದ ವಿಚಾರಿಸಬಹುದು. ಅವುಗಳ ಹೆಚ್ಚಿನ ಖರ್ಚನ್ನು ತಾನೇ ವಹಿಸಿಕೊಳ್ಳಬಹುದು. ಕೊಲ್ಲಬೇಕಾದುದನ್ನೂ ಕಾಯಬೇಕಾದುದನ್ನೂ ಗುರುತಿಸುವ ವಿವೇಕವನ್ನು ಒಂದು ರಾಸಾಯನಿಕದಿಂದ ನಿರೀಕ್ಷಿಸುವ ಮನುಷ್ಯನು, ತನ್ನಿಂದ ಅದಕ್ಕಿಂತ ಕಡಿಮೆಯದನ್ನು ನಿರೀಕ್ಷಿಸಲಾಗದು.